ಪೂಲ್ ಅಂಚಿಗೆ ನೇತುಹಾಕುವ ವಾಟರ್ ಜೆಟ್ ಮಸಾಜರ್ ಕಟ್ಟಿದ ಬಗೆ

ಬೇಕಿದ್ದದ್ದು ಇಷ್ಟು. ಈಜುಕೊಳದ ಅಂಚಿಗೆ ನೇತುಹಾಕುವಂತಿರಬೇಕು. ಸೊಂಟ, ತೊಡೆ, ಮೀನಖಂಡಕ್ಕೆ ನೀರೊಳಗಿಂದಲೇ ಜೋರಾಗಿ ನೀರು ಬಡಿಯಬೇಕು. ಕೆಲಸ ಮುಗಿದ ಮೇಲೆ ಬಿಚ್ಚಿ ಸ್ಟೋರ್ ರೂಮಿಗೆ ತಳ್ಳಿಕೊಂಡು ಹೋಗಲು ಬರಬೇಕು. ಪೂಲ್ ಗೋಡೆಗೆ ಒಂದೇ ಒಂದು ತೂತು ಕೂಡ ಬೀಳಬಾರದು.

ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್. ಪೂಲ್ ಆಳ 1.2 ಮೀಟರ್. ಬೆಳಗಿನ ಹೊತ್ತು ಅಲ್ಲಿ ಈಜುವವರಿಗಿಂತ ನೀರಿನಲ್ಲಿ ನಡೆಯುವ ಹಿರಿಯರೇ ಜಾಸ್ತಿ. ಮಂಡಿ ನೋವು, ಸೊಂಟ ನೋವು ಇರುವವರಿಗೆ ನೆಲದ ಮೇಲೆ ನಡೆಯುವುದಕ್ಕಿಂತ ಇದು ಹಗುರ. ಎದೆಮಟ್ಟ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ನಡೆದಾದ ಮೇಲೆ ಒಂದಷ್ಟು ಹೊತ್ತು ಜೆಟ್‌ಗೆ ಬೆನ್ನು ಕೊಟ್ಟು ನಿಂತರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಇದನ್ನೇ ಗೋಡೆಯೊಳಗೆ ಕೂರಿಸಬೇಕೆಂದರೆ ಟೈಲ್ಸ್ ಒಡೆಯಬೇಕು, ಗೋಡೆ ಕೊರೆಯಬೇಕು, ಮತ್ತೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಅದು ಬೇಡವೆಂದೇ ಈ ದಾರಿ ಹಿಡಿದದ್ದು.

ಅಷ್ಟಕ್ಕೂ ಈ ವಸ್ತು ಹುಟ್ಟಿದ್ದೇ ಹೊತ್ತೊಯ್ಯುವ ರೂಪದಲ್ಲಿ. ಜಕೂಝಿ ಕುಟುಂಬ ಇಟಲಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾಗೆ ಹೋಗಿ ನೆಲೆಸಿತ್ತು. ಬಾವಿಯಿಂದ ನೀರೆತ್ತುವ ಜೆಟ್ ಪಂಪ್ ಮಾಡುವುದು ಅವರ ಕಸುಬು. ಮನೆಯ ಮಗುವಿಗೆ ರುಮಟಾಯ್ಡ್ ಸಂಧಿವಾತ ಬಂತು. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ನೀರಿನ ಚಿಕಿತ್ಸೆ ಮನೆಯಲ್ಲೂ ಸಿಗಲಿ ಎಂದು ತಂದೆ ಕ್ಯಾಂಡಿಡೊ ಜಕೂಝಿ 1948ರಲ್ಲಿ ಬಾತ್‌ಟಬ್ಬಿಗೆ ಇಳಿಸುವ ಪಂಪ್ ಮಾಡಿದರು. 1956ರಲ್ಲಿ ಅದು ಜೆ-300 ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ಟಬ್ಬಿನೊಳಗೇ ಜೆಟ್ ಕೂರಿಸಿದ ಮಾದರಿಯನ್ನು ರಾಯ್ ಜಕೂಝಿ ತಂದದ್ದು 1968ರಲ್ಲಿ. ನಮ್ಮೂರ ಬಾವಿಗಳಲ್ಲಿ ಕೂತಿರುವ ಜೆಟ್ ಪಂಪಿನ ಒಳಗೂ, ಮಸಾಜ್ ಜೆಟ್ಟಿನ ಒಳಗೂ ಕೆಲಸ ಮಾಡುವುದು ಒಂದೇ ತತ್ವ. ಸಣ್ಣ ನಳಿಗೆಯಿಂದ ರಭಸವಾಗಿ ಹೊರಟ ನೀರು ತನ್ನ ಪಕ್ಕದಲ್ಲಿ ಇರುವುದನ್ನು ಎಳೆದುಕೊಂಡು ಹೋಗುತ್ತದೆ. ಬಾವಿಯಲ್ಲಿ ಅದು ನೀರನ್ನು ಎಳೆಯುತ್ತದೆ, ಇಲ್ಲಿ ಗಾಳಿಯನ್ನು.

ಲೆಕ್ಕದಿಂದ ಶುರು ಮಾಡೋಣ. ಮಸಾಜ್ ಅನ್ನಿಸಲು ಒತ್ತಡಕ್ಕಿಂತ ಹರಿವು ಮುಖ್ಯ. ಕಾರು ತೊಳೆಯುವ ಪ್ರೆಶರ್ ವಾಷರ್ 100 ಬಾರ್‌ನಷ್ಟು ಒತ್ತಡ ಕೊಡುತ್ತದೆ, ನೀರು ಮಾತ್ರ ಸ್ವಲ್ಪವೇ. ಅದು ಚರ್ಮವನ್ನೇ ಸೀಳಬಲ್ಲದು. ಅದನ್ನು ಈ ಕೆಲಸಕ್ಕೆ ತರುವ ಯೋಚನೆಯನ್ನೇ ಮಾಡಬೇಡಿ. ನಮಗೆ ಬೇಕಾದ್ದು ನಳಿಗೆಯ ಹತ್ತಿರ 0.7 ಬಾರ್ ಆಸುಪಾಸಿನ ಒತ್ತಡ, ಒಂದು ಜೆಟ್ಟಿಗೆ ನಿಮಿಷಕ್ಕೆ 50 ಲೀಟರ್ ನೀರು. 10 ಮಿ.ಮೀ. ಬಾಯಿಯ ನಳಿಗೆಯಲ್ಲಿ ಅಷ್ಟು ನೀರು ಹೋದರೆ ವೇಗ ಸೆಕೆಂಡಿಗೆ ಸುಮಾರು 10.6 ಮೀಟರ್. ಅದು ತಳ್ಳುವ ಬಲ ಸುಮಾರು 9 ನ್ಯೂಟನ್. ಅಂದರೆ ಹೆಚ್ಚುಕಡಿಮೆ 900 ಗ್ರಾಂ ತೂಕದಷ್ಟು.

ಈ ಬಲ ಎಲ್ಲ ದೂರದಲ್ಲೂ ಒಂದೇ ತರಹ ತಾಗುವುದಿಲ್ಲ. ನೀರೊಳಗಿನ ಜೆಟ್ ಸುತ್ತಲಿನ ನೀರನ್ನೂ ಸೇರಿಸಿಕೊಂಡು ಅಗಲವಾಗುತ್ತಾ ಹೋಗುತ್ತದೆ. ನಳಿಗೆಯ ವ್ಯಾಸದ ಆರರಷ್ಟು ದೂರದವರೆಗೆ ನಡುವಿನ ವೇಗ ಹಾಗೇ ಉಳಿಯುತ್ತದೆ. ಆಮೇಲೆ ದೂರ ಹೆಚ್ಚಿದಂತೆ ಇಳಿಯುತ್ತದೆ. 10 ಮಿ.ಮೀ. ನಳಿಗೆಯಿಂದ 30 ಸೆಂ.ಮೀ. ದೂರ ನಿಂತರೆ ನಡುವಿನ ವೇಗ ಐದನೇ ಒಂದು ಭಾಗ ಅಷ್ಟೇ. ಹತ್ತಿರ ನಿಂತವರಿಗೆ ಬೆರಳಲ್ಲಿ ಒತ್ತಿದ ಹಾಗೆ, ದೂರ ನಿಂತವರಿಗೆ ಅಂಗೈಯಲ್ಲಿ ತಳ್ಳಿದ ಹಾಗೆ. ಹಾಗಾಗಿ ಒಬ್ಬೊಬ್ಬರಿಗೆ ಜೋರು ಹೊಂದಿಸಲು ವಾಲ್ವ್ ತಿರುಗಿಸುತ್ತಾ ಕೂರಬೇಕಿಲ್ಲ. ಅವರೇ ಒಂದು ಹೆಜ್ಜೆ ಮುಂದೆ ಹೋದರೆ ಆಯಿತು.

ಮೂರು ಜೆಟ್ ಅಂದರೆ ನಿಮಿಷಕ್ಕೆ 150 ಲೀಟರ್. ನಳಿಗೆಗೆ ಸುಮಾರು 7 ಮೀಟರ್ ಹೆಡ್ ಬೇಕು, ಅಂದರೆ ನೀರನ್ನು ಅಷ್ಟು ಎತ್ತರಕ್ಕೆ ತಳ್ಳಬಲ್ಲ ಒತ್ತಡ. ಹೋಸ್, ಬೆಂಡು, ಎತ್ತರ ಎಲ್ಲ ಸೇರಿ ಇನ್ನು ಮೂರ್ನಾಲ್ಕು ಮೀಟರ್. ಒಟ್ಟು 11 ಮೀಟರಿಗೆ 150 ಲೀಟರ್ ಕೊಡುವ ಪಂಪ್ ಹುಡುಕಬೇಕು. ಮನೆಯ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್‌ಪಿ ಪಂಪ್ ಇದಕ್ಕೆ ಆಗುವುದಿಲ್ಲ. ಅದು ನೀರನ್ನು ಎತ್ತರಕ್ಕೆ ಕಳಿಸುತ್ತದೆ, ಆದರೆ ಹರಿವು ಕಡಿಮೆ. ದೋಣಿಗಳಲ್ಲಿ ಹಾಕುವ 24 ವೋಲ್ಟಿನ ಬಿಲ್ಜ್ ಪಂಪ್ ಬಗ್ಗೆ ತುಂಬಾ ಆಸೆಯಿಂದ ನೋಡಿದೆ, ಯಾಕಂದರೆ ಬ್ಯಾಟರಿಯಲ್ಲಿ ಓಡುತ್ತದೆ. ಹರಿವೇನೋ ಚೆನ್ನಾಗಿದೆ. ಆದರೆ ಎರಡು ಮೂರು ಮೀಟರ್ ಹೆಡ್ ಬಂದರೆ ಸುಸ್ತು. ಕೊನೆಗೆ ಎಸ್.ಪಿ. ರೋಡಿನಿಂದ 1 ಎಚ್‌ಪಿ ಪೂಲ್ ಪಂಪ್ ತಂದೆ. ಪ್ಲಾಸ್ಟಿಕ್ ಬಾಡಿ, ಮುಂದೆ ಕೂದಲು ಕಸ ತಡೆಯುವ ಬುಟ್ಟಿ, ಮೇಲೆ ಪಾರದರ್ಶಕ ಮುಚ್ಚಳ. ಆ ಬುಟ್ಟಿಯ ಪಾತ್ರೆಗೆ ಒಮ್ಮೆ ನೀರು ತುಂಬಿದರೆ ತಾನೇ ಪ್ರೈಮ್ ಆಗುತ್ತದೆ, ಅಂದರೆ ಪೈಪಿನ ಗಾಳಿ ಹೊರಹಾಕಿ ನೀರೆಳೆಯಲು ಶುರು ಮಾಡುತ್ತದೆ. ಫುಟ್ ವಾಲ್ವ್ ಬೇಡ. ಪಂಪಿನ ಕರ್ವ್ (ಎಷ್ಟು ಹೆಡ್ಡಿಗೆ ಎಷ್ಟು ಹರಿವು ಎಂದು ತೋರಿಸುವ ಗೆರೆಚಿತ್ರ) ನೋಡಿಯೇ ಕೊಳ್ಳಿ. ಎಚ್‌ಪಿ ನೋಡಿ ಕೊಂಡರೆ ಏನೂ ಗೊತ್ತಾಗುವುದಿಲ್ಲ.

ಇನ್ನು ಕರೆಂಟಿನ ವಿಷಯ. ಈ ಇಡೀ ಕೆಲಸದಲ್ಲಿ ನಾನು ಹೆಚ್ಚು ಯೋಚನೆ ಮಾಡಿದ್ದು ಇದರ ಬಗ್ಗೆಯೇ. ನೀವೂ ಇಲ್ಲಿ ನಿಧಾನವಾಗಿ ಓದಿ.

ಈಜುಕೊಳದ ವಿದ್ಯುತ್ ಕೆಲಸಕ್ಕೆ ಐಇಸಿ 60364 ಎಂಬ ಅಂತರರಾಷ್ಟ್ರೀಯ ಮಾನದಂಡದ 702ನೇ ಭಾಗದಲ್ಲಿ ವಲಯಗಳಿವೆ. ನೀರಿನೊಳಗೆ ವಲಯ 0. ಅಂಚಿನಿಂದ 2 ಮೀಟರ್ ತನಕ ವಲಯ 1. ಅಲ್ಲಿಂದ ಇನ್ನೂ 1.5 ಮೀಟರ್ ವಲಯ 2. ವಲಯ 0ರಲ್ಲಿ 12 ವೋಲ್ಟ್ ಎಸಿ ಅಥವಾ 30 ವೋಲ್ಟ್ ಡಿಸಿಗಿಂತ ಹೆಚ್ಚು ಇರುವ ಹಾಗಿಲ್ಲ. ನಮ್ಮ ಪಂಪ್ ಓಡುವುದು 230 ವೋಲ್ಟಿನಲ್ಲಿ. ಹಾಗಾಗಿ ಮೂರೂ ವಲಯ ದಾಟಿ, ಅಂಚಿನಿಂದ 3.5 ಮೀಟರ್ ಆಚೆಗೇ ಪಂಪ್ ನಿಲ್ಲಬೇಕು ಎಂದು ತೀರ್ಮಾನಿಸಿದೆ. ಪೂಲ್ ಹತ್ತಿರ ಬರುವುದು ಹೋಸ್ ಮಾತ್ರ.

ದೂರ ಇಟ್ಟರೆ ಸಾಕು, ಹೋಸ್ ರಬ್ಬರು ಪ್ಲಾಸ್ಟಿಕ್ಕು ತಾನೇ, ಅಂತ ಅನ್ನಿಸುತ್ತದೆ ಅಲ್ವಾ? ಹೋಸ್ ಕರೆಂಟು ಒಯ್ಯುವುದಿಲ್ಲ ನಿಜ. ಅದರೊಳಗಿನ ನೀರು ಒಯ್ಯುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು, ಅದಕ್ಕೆ ಮೇಲಿಂದ ಪೂಲ್ ಕೆಮಿಕಲ್. ವಾಹಕತೆ ಸೆಂಟಿಮೀಟರಿಗೆ 1500 ಮೈಕ್ರೋಸೀಮೆನ್ಸ್ ಎಂದು ಹಿಡಿದು ಲೆಕ್ಕ ಹಾಕಿದೆ. 5 ಮೀಟರ್ ಉದ್ದದ 40 ಮಿ.ಮೀ. ಹೋಸಿನ ನೀರಿನ ರೋಧ ಸುಮಾರು 26 ಕಿಲೋಓಮ್. ಅಷ್ಟೇ ಉದ್ದದ 50 ಮಿ.ಮೀ. ಸಕ್ಷನ್ (ಪಂಪಿಗೆ ನೀರೆಳೆಯುವ) ಹೋಸಿನದು 17. ಪಂಪಿನ ಒಳಗೆ ಇನ್ಸುಲೇಷನ್ ಹೋಗಿ 230 ವೋಲ್ಟ್ ನೀರಿಗೆ ತಾಗಿತು ಅನ್ನಿ. ಎರಡೂ ಹೋಸ್ ಸೇರಿ 22 ಮಿಲಿಆಂಪ್ ಪೂಲಿನ ಕಡೆ ಹರಿಯಬಹುದು. ಅಷ್ಟೂ ಒಬ್ಬರ ಮೈಯಲ್ಲೇ ಹಾಯುವುದಿಲ್ಲ. ಆದರೆ 10 ಮಿಲಿಆಂಪ್ ಹತ್ತಿರಕ್ಕೇ ಮನುಷ್ಯನ ಸ್ನಾಯು ಸೆಟೆದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. ನೀರಿನಲ್ಲಿ ನಿಂತಿರುವ ವಯಸ್ಸಾದವರಿಗೆ ಅದೇ ಸಾಕು.

ಇನ್ನೊಂದು ವಿಷಯ. 30 ಮಿಲಿಆಂಪಿನ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) 15ಕ್ಕಿಂತ ಕೆಳಗೆ ಬೀಳಬಾರದು, ಅಂದರೆ ಆಫ್ ಆಗಬಾರದು, 30ಕ್ಕೆ ಬೀಳಲೇಬೇಕು. ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 22ಕ್ಕೆ ಬಿದ್ದೇ ಬೀಳುತ್ತದೆ ಎಂಬ ಖಾತ್ರಿಯಿಲ್ಲ. ಅರ್ಥಿಂಗ್ ಗಟ್ಟಿಯಾಗಿದ್ದರೆ ಮಾತ್ರ ದೊಡ್ಡ ಸೋರಿಕೆ ಅರ್ಥ್ ವೈರಿನಲ್ಲಿ ಹರಿದು ಆರ್‌ಸಿಸಿಬಿಯನ್ನು ತಕ್ಷಣ ಬೀಳಿಸುತ್ತದೆ. ದೂರ, ಅರ್ಥಿಂಗ್, ಆರ್‌ಸಿಸಿಬಿ ಮೂರೂ ಬೇಕು. ಒಂದಿದೆ ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ.

ಪೂಲ್ ಪಂಪಿನ ಬಾಡಿ ಪ್ಲಾಸ್ಟಿಕ್ ಆದ್ದರಿಂದ ಒಳಗಿನ ನೀರಿಗೆ ಅರ್ಥಿನ ಸಂಪರ್ಕ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಪಂಪಿನ ಎರಡೂ ಬಾಯಿಗೆ ಒಂದೊಂದು ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ನಿಪ್ಪಲ್, ಅಂದರೆ ಗಿಡ್ಡ ಪೈಪಿನ ತುಂಡು, ಹಾಕಿಸಿದೆ. ಎರಡಕ್ಕೂ ಕ್ಲಾಂಪ್ ಹಾಕಿ ಅರ್ಥ್ ವೈರ್ ಕೊಟ್ಟಾಯಿತು. ಈಗ ಪಂಪಿನಿಂದ ಹೊರಡುವ ನೀರು ಹೋಸಿಗೆ ಇಳಿಯುವ ಮೊದಲೇ ಅರ್ಥಿಗೆ ತಾಗಿ ಹೋಗುತ್ತದೆ. ಪೂಲಿನ ಏಣಿ, ಕೈಹಿಡಿ ಎರಡನ್ನೂ ಅದೇ ಅರ್ಥಿಗೆ ಬಾಂಡ್ ಮಾಡಿಸಿದೆವು. ಈ ಭಾಗವನ್ನೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದ್ದು. ಅರ್ಥ್ ರೆಸಿಸ್ಟೆನ್ಸ್ ಅಳೆದು ಬರೆದಿಟ್ಟುಕೊಂಡಿದ್ದೇವೆ. ಕೇಬಲ್ 2.5 ಚದರ ಮಿ.ಮೀ. ಮೂರು ಕೋರಿನದು, ನಡುವೆ ಎಲ್ಲೂ ಜಾಯಿಂಟ್ ಇಲ್ಲ. ಸುಮ್ನೆ ಮನೆಯ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ತರುವುದು ಇಲ್ಲಿ ನಡೆಯುವುದಿಲ್ಲ.

ಕರೆಂಟಿನಷ್ಟೇ ಗಂಭೀರವಾದದ್ದು ಸಕ್ಷನ್. ಪಂಪ್ ಎಳೆಯುವ ಬಾಯಿಗೆ ಕೂದಲು, ಬೆರಳು, ಮೈ ಅಂಟಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. 2002ರಲ್ಲಿ ಅಮೆರಿಕದಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಸ್ಪಾ ಒಂದರ ತಳದ ಡ್ರೈನಿಗೆ ಸಿಕ್ಕಿಕೊಂಡು ತೀರಿಹೋದಳು. ಅವಳ ಹೆಸರಿನಲ್ಲೇ 2007ರಲ್ಲಿ ಅಲ್ಲಿ ಸುರಕ್ಷತಾ ಕಾನೂನು ಬಂತು. ಪೋರ್ಟಬಲ್ ಅಂದ ಮಾತ್ರಕ್ಕೆ ಈ ಅಪಾಯ ಕಡಿಮೆಯಾಗುವುದಿಲ್ಲ. ಇನ್ನೂ ಹೆಚ್ಚು, ಯಾಕಂದರೆ ಸಕ್ಷನ್ ಬಾಯಿ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ.

ಪರಿಹಾರ ಎರಡು ಬಾಯಿ. ಒಂದು ಮುಚ್ಚಿದರೆ ಇನ್ನೊಂದರಿಂದ ನೀರು ಬರುತ್ತದೆ, ಮೈಯನ್ನು ಹಿಡಿದುಕೊಳ್ಳುವಷ್ಟು ಎಳೆತ ಹುಟ್ಟುವುದಿಲ್ಲ. ಎರಡರ ನಡುವೆ ಒಂದು ಮೀಟರಿಗಿಂತ ಜಾಸ್ತಿ ಅಂತರ ಇಟ್ಟೆ, ಒಬ್ಬರೇ ಎರಡನ್ನೂ ಮುಚ್ಚಲು ಆಗದ ಹಾಗೆ. 110 ಮಿ.ಮೀ. ಪಿವಿಸಿ ಪೈಪಿನ ತುಂಡುಗಳು, ಎರಡೂ ತುದಿಗೆ ಎಂಡ್ ಕ್ಯಾಪ್, ಮೈ ತುಂಬಾ 8 ಮಿ.ಮೀ. ತೂತು. ಒಂದೊಂದರಲ್ಲಿ 200 ತೂತು. ಅಂದರೆ 100 ಚದರ ಸೆಂ.ಮೀ. ತೆರೆದ ಜಾಗ. ಇಡೀ 150 ಲೀಟರ್ ಒಂದರಲ್ಲೇ ಹೋದರೂ ತೂತಿನಲ್ಲಿ ನೀರಿನ ವೇಗ ಸೆಕೆಂಡಿಗೆ ಕಾಲು ಮೀಟರ್ ಅಷ್ಟೇ. ಕೂದಲನ್ನು ಒಳಗೆಳೆದು ಗಂಟು ಹಾಕಲು ಅದು ಸಾಲದು. ತೂತು ಕೊರೆದ ಮೇಲೆ ಒಳಗೂ ಹೊರಗೂ ಮರಳು ಕಾಗದ ಹಾಕಿ ಉಜ್ಜಬೇಕು, ಇಲ್ಲದಿದ್ದರೆ ಅಂಚು ಕೈ ಗೀರುತ್ತದೆ. ಇದು ಬೇಸರದ ಕೆಲಸ, ಆದರೂ ಬಿಡುವಂತಿಲ್ಲ. ಹೇಗೂ ಕೂದಲು ಬಿಟ್ಟುಕೊಂಡವರು ಜೆಟ್ ಹತ್ತಿರ ಬರಬಾರದು, ಕ್ಯಾಪ್ ಹಾಕಲೇಬೇಕು ಎಂಬ ನಿಯಮ ಇಟ್ಟಿದ್ದೇವೆ.

ನಳಿಗೆಯನ್ನು ಲೇಥ್ ಅಂಗಡಿಯಲ್ಲಿ ಮಾಡಿಸಿದೆ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರಾಡ್, ಒಂದು ಕಡೆ 25 ಮಿ.ಮೀ., ಇಳಿಜಾರಾಗಿ ಬಂದು ಕೊನೆಗೆ 10. ನಾನು ಕೊಟ್ಟ ಚಿತ್ರದಲ್ಲಿ ಇಳಿಜಾರು ಮುಗಿಯುವಲ್ಲಿ ಒಂದು ಮೂಲೆ ಇತ್ತು. ಟರ್ನರ್ ಅದನ್ನು ನೋಡಿ, "ಸಾರ್, ಇಲ್ಲಿ ಮೂಲೆ ಬಿಟ್ರೆ ನೀರು ಒಡೆಯುತ್ತೆ, ರೌಂಡ್ ಮಾಡಿಕೊಡ್ತೀನಿ" ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ತಗಡಿಗೆ ಸುಮ್ನೆ ತೂತು ಹೊಡೆದರೆ ಲೆಕ್ಕದ ಹರಿವಿನಲ್ಲಿ ಶೇ. 60ರಷ್ಟೇ ಸಿಗುತ್ತದೆ. ನಯವಾದ ಇಳಿಜಾರಿದ್ದರೆ ಶೇ. 95ರ ಹತ್ತಿರ. ಪಂಪ್ ಒಂದೇ, ಕರೆಂಟೂ ಒಂದೇ, ವ್ಯತ್ಯಾಸ ಬರುವುದು ಆ ಒಂದು ಇಂಚಿನ ಆಕಾರದಿಂದ.

ಈ ನಳಿಗೆ ಒಂದು ಇಂಚಿನ ಟೀ (ಮೂರು ಬಾಯಿಯ ಪೈಪ್ ಜಾಯಿಂಟ್) ಒಳಗೆ ಕೂರುತ್ತದೆ. ಟೀಯ ಮುಂದಿನ ಬಾಯಿಗೆ 25 ಮಿ.ಮೀ. ಒಳವ್ಯಾಸದ ಪೈಪಿನ ತುಂಡು, ನೀರೂ ಗಾಳಿಯೂ ಬೆರೆಯಲು. ಟೀಯ ಪಕ್ಕದ ಬಾಯಿಯಿಂದ ಸಣ್ಣ ಟ್ಯೂಬ್ ನೀರಿನ ಮಟ್ಟ ದಾಟಿ ಮೇಲೆ ಹೋಗುತ್ತದೆ. ತುದಿಯಲ್ಲಿ ಪುಟ್ಟ ವಾಲ್ವ್. ತೆರೆದರೆ ಗಾಳಿ ಒಳಗೆ ನುಗ್ಗಿ ಜೆಟ್ ಬೆಳ್ಳಗೆ ನೊರೆನೊರೆಯಾಗುತ್ತದೆ. ಹೊಡೆತ ಮೆತ್ತಗಾಗಿ, ಚರ್ಮದ ಮೇಲೆ ಗುಳುಗುಳು ಅನ್ನಿಸುತ್ತದೆ. ಮುಚ್ಚಿದರೆ ಬರೀ ನೀರು, ಆಳಕ್ಕೆ ಒತ್ತುತ್ತದೆ. ಸೊಂಟಕ್ಕೆ ಎರಡನೆಯದೇ ಚೆನ್ನ ಎಂಬುದು ನನ್ನ ಅಭಿಪ್ರಾಯ. ಮೀನಖಂಡಕ್ಕೆ ಗಾಳಿ ಬೆರೆತದ್ದು.

ಚೌಕಟ್ಟಿಗೆ ಎಸ್‌ಎಸ್ ಬೇಡವೆಂದೆ. ಕ್ಲೋರಿನ್ ನೀರಿನಲ್ಲಿ 304 ಗ್ರೇಡ್ ಕಂದು ಕಲೆ ಬೀಳುತ್ತದೆ, 316 ದುಬಾರಿ. ಅದಕ್ಕಿಂತ ಹೆಚ್ಚಾಗಿ, ನೀರಿನೊಳಗೆ ಲೋಹವೇ ಇರದಿದ್ದರೆ ಒಂದು ಚಿಂತೆ ಕಡಿಮೆ. ಒಂದೂವರೆ ಇಂಚಿನ ಯುಪಿವಿಸಿ ಪೈಪೇ ಚೌಕಟ್ಟು, ಅದೇ ನೀರು ಹಂಚುವ ಮೇನೂ ಹೌದು. ನೇರವಾಗಿ ಕೆಳಗಿಳಿಯುವ ಪೈಪಿನಲ್ಲಿ ನೀರಿನ ಮಟ್ಟದಿಂದ 20, 50, 85 ಸೆಂ.ಮೀ. ಕೆಳಗೆ ಒಂದೊಂದು ಜೆಟ್. ನಿಂತವರ ಸೊಂಟ, ತೊಡೆ, ಮೀನಖಂಡಕ್ಕೆ ಸರಿಹೋಗುತ್ತದೆ. ಭುಜಕ್ಕೆ ಬೇಕಾದರೆ ಮಂಡಿ ಬಗ್ಗಿಸಿ ಕೆಳಗಿಳಿಯಬೇಕು. ಅಂಚಿಗೆ ಸಿಕ್ಕಿಸುವ ಕೊಕ್ಕೆ 20 ಮಿ.ಮೀ. ಎಚ್‌ಡಿಪಿಇ ಹಲಗೆಯಿಂದ ಕತ್ತರಿಸಿದ್ದು. ಮೂರೂ ಜೆಟ್ಟಿನ ಹಿಮ್ಮುಖ ತಳ್ಳು ಸೇರಿ ಎರಡೂಮುಕ್ಕಾಲು ಕೆ.ಜಿ.ಯಷ್ಟು. ಅದು ಚೌಕಟ್ಟನ್ನು ಗೋಡೆಯ ಕಡೆಗೇ ಒತ್ತುತ್ತದೆ, ಹಾಗಾಗಿ ಬೇರೆ ಕ್ಲಾಂಪ್ ಬೇಕಾಗಲಿಲ್ಲ. ಹಿಂದೆ ಎರಡು ರಬ್ಬರ್ ಬುಶ್ ಹಾಕಿದರೆ ಟೈಲ್ಸ್ ಉಜ್ಜುವುದಿಲ್ಲ.

ಟ್ರಾಲಿಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ನಾಲ್ಕು ಚಕ್ರ, ಎರಡಕ್ಕೆ ಬ್ರೇಕು, ಮೇಲೆ ನೀರು ಸಿಡಿಯದ ಹಾಗೆ ಮುಚ್ಚಳ, ಮೋಟರ್ ಫ್ಯಾನಿಗೆ ಗಾಳಿಯಾಡಲು ಹಿಂದೆ ತೆರೆದ ಜಾಗ.

ಮೊದಲ ಓಟದಲ್ಲಿ ಜೆಟ್ ಬಂತು, ಆದರೆ ಉಸಿರು ಕಟ್ಟಿದವರಂತೆ ತಡೆದು ತಡೆದು. ಗಾಳಿ ವಾಲ್ವ್ ಮುಚ್ಚಿದ್ದರೂ ನೊರೆ ನಿಲ್ಲಲಿಲ್ಲ. ಪಾರದರ್ಶಕ ಮುಚ್ಚಳದಲ್ಲಿ ನೋಡಿದರೆ ಬುಟ್ಟಿಯೊಳಗೆ ಗುಳ್ಳೆಗಳ ಸಾಲು. ಸಕ್ಷನ್ ಕಡೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಡೆಲಿವರಿ ಕಡೆ ಲೀಕ್ ಆದರೆ ನೀರು ಹೊರಗೆ ಬಂದು ಕಣ್ಣಿಗೆ ಕಾಣುತ್ತದೆ, ಸಕ್ಷನ್ ಕಡೆಯದು ಕಾಣುವುದಿಲ್ಲ. ಶೇವಿಂಗ್ ಫೋಮ್ ತಂದು ಒಂದೊಂದೇ ಜಾಯಿಂಟಿನ ಸುತ್ತ ಹಚ್ಚಿದೆ. ಎಲ್ಲಿ ಫೋಮ್ ಒಳಗೆ ಹೀರಿಕೊಂಡು ಗುಳಿ ಬೀಳುತ್ತದೋ ಅಲ್ಲೇ ಸೋರಿಕೆ. ಹೋಸ್ ಕಾಲರಿನ ಹತ್ತಿರ ಸಿಕ್ಕಿತು. ಸುರುಳಿ ಸಕ್ಷನ್ ಹೋಸಿನ ಹೊರಮೈ ಏರಿಳಿತ ಇರುವುದರಿಂದ ಕ್ಲಿಪ್ ಸಮನಾಗಿ ಕೂರುವುದಿಲ್ಲ. ಹೋಸಿನ ತುದಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಪೂರ್ತಿ ಒಳಗೆ ತಳ್ಳಿ, ಎರಡು ಕ್ಲಿಪ್ಪನ್ನು ಎದುರುಬದುರು ಬಿಗಿದೆ. ಯೂನಿಯನ್ನಿನ (ತಿರುಗಿಸಿ ಬಿಚ್ಚುವ ಪೈಪ್ ಜಾಯಿಂಟಿನ) ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿದೆ. ಗುಳ್ಳೆ ನಿಂತಿತು.

ಗಾಳಿ ವಾಲ್ವ್ ತೆರೆದಾಗ ಇನ್ನೊಂದು ತೊಂದರೆ ಕಂಡಿತು. ಜೆಟ್ಟಿನ ಗುಳ್ಳೆಗಳು ಹರಡಿ ಸಕ್ಷನ್ ಬಾಯಿಯ ತನಕ ಬರುತ್ತಿದ್ದವು. ಪಂಪ್ ತಾನೇ ಬಿಟ್ಟ ಗಾಳಿಯನ್ನು ತಾನೇ ಎಳೆದುಕೊಂಡು ಪ್ರೈಮ್ ಕಳೆದುಕೊಳ್ಳುತ್ತಿತ್ತು. ಸಕ್ಷನ್ ಬಾಯಿಗಳನ್ನು ಜೆಟ್ಟಿನಿಂದ ಎರಡು ಮೀಟರ್ ಪಕ್ಕಕ್ಕೆ ಸರಿಸಿ, ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ಇಳಿಸಿದ ಮೇಲೆ ಸರಿಯಾಯಿತು. ಗಾಳಿ ಟ್ಯೂಬಿನ ತುದಿಗೆ ನಾನ್-ರಿಟರ್ನ್ ವಾಲ್ವ್ ಕೂಡ ಹಾಕಿ. ಯಾರಾದರೂ ಜೆಟ್ಟಿನ ಬಾಯಿಗೆ ಅಂಗೈ ಅಡ್ಡ ಇಟ್ಟರೆ ನೀರು ಆ ಟ್ಯೂಬಿನಿಂದ ಮೇಲೆ ಚಿಮ್ಮುತ್ತದೆ. ತಳದ ಜೆಟ್ ಮೇಲಿನದಕ್ಕಿಂತ ಕಡಿಮೆ ಗಾಳಿ ಎಳೆಯುತ್ತದೆ, ಅದು ದೋಷವಲ್ಲ. ಆಳದಲ್ಲಿ ನೀರಿನ ಒತ್ತಡ ಜಾಸ್ತಿ, ಅದನ್ನು ಮೀರಿ ಗಾಳಿ ಇಳಿಯಬೇಕಲ್ಲ.

ಬಳಸಲು ಶುರುವಾದ ಮೇಲೆ ಪೂಲ್ ನೋಡಿಕೊಳ್ಳುವವರು ಪಿಎಚ್ ಏರುತ್ತಿದೆ ಎಂದರು. ನೀರಿಗೆ ಗಾಳಿ ಹೊಡೆದರೆ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಪಿಎಚ್ ಮೇಲೇರುತ್ತದೆ. ನಮ್ಮ ಗಡಸು ನೀರಿಗೆ ಇದರಿಂದ ಬಿಳಿ ಪದರ ಕಟ್ಟುವುದೂ ಬೇಗ. ಪಿಎಚ್ 7.2ರಿಂದ 7.8ರೊಳಗೆ ಇರುವಂತೆ ನೋಡಿಕೊಳ್ಳಬೇಕು, ಪರೀಕ್ಷೆ ಮೊದಲಿಗಿಂತ ಹೆಚ್ಚು ಸಲ ಮಾಡಬೇಕು. ಗಾಳಿಯನ್ನು ಬೇಕಾದಾಗ ಮಾತ್ರ ತೆರೆಯುವುದು ಇನ್ನೂ ಒಳ್ಳೆಯದು.

ಯಾರು ಬಳಸಬಾರದು ಎಂಬುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿಯೇ ಬೋರ್ಡ್ ಬರೆಸಿದೆವು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಹೊಸದಾಗಿ ಆಪರೇಷನ್ ಆದವರು, ಗಾಯ ಇರುವವರು, ಮೂಳೆ ಸವೆದವರು, ಗರ್ಭಿಣಿಯರು ಡಾಕ್ಟರ್ ಒಪ್ಪದೆ ಜೆಟ್ ಮುಂದೆ ನಿಲ್ಲುವಂತಿಲ್ಲ. ಮುಖ, ಕಿವಿ, ಹೊಟ್ಟೆಯ ಕೆಳಭಾಗಕ್ಕೆ ಜೆಟ್ ಹಿಡಿಯಬಾರದು. ಮಕ್ಕಳು ಪೂಲಿನಲ್ಲಿದ್ದಾಗ ಇದು ಓಡುವುದಿಲ್ಲ. ಒಂದೇ ಜಾಗಕ್ಕೆ ಐದು ನಿಮಿಷ ಸಾಕು, ಆಮೇಲೆ ಸ್ವಲ್ಪ ಸರಿದು ನಿಲ್ಲಬೇಕು. "ಜೋರಾಗಿ ಬಡಿದಷ್ಟೂ ಒಳ್ಳೇದಲ್ವೇನಪ್ಪಾ" ಎಂದು ಪಕ್ಕದ ಬ್ಲಾಕಿನ ಅಜ್ಜಿ ಕೇಳಿದರು. "ಇಲ್ಲ ಅಜ್ಜಿ, ನೋವಾಗೋಷ್ಟು ಹತ್ತಿರ ಹೋಗಬೇಡಿ" ಎಂದು ನಾಲ್ಕು ಹೆಜ್ಜೆ ದೂರದಿಂದ ಶುರು ಮಾಡಿಸಿದೆ. ಈಗ ಅವರೇ ಬೇರೆಯವರಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸಿಕೊಡುತ್ತಾರೆ.

ದಿನಾ ಮಾಡುವ ಕ್ರಮ ಹೀಗಿದೆ. ಯಾರೂ ನೀರಿಗಿಳಿಯುವ ಮೊದಲು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ನೋಡುವುದು. ಆದರೆ ಆ ಬಟನ್ ಅರ್ಥಿಂಗ್ ಸರಿಯಿದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ನಿಪ್ಪಲ್‌ನಿಂದ ಪ್ಲಗ್ಗಿನ ಅರ್ಥ್ ಪಿನ್ನಿನ ತನಕ ಮಲ್ಟಿಮೀಟರ್ ಹಿಡಿದು ವೈರ್ ಎಲ್ಲೂ ಕಡಿದಿಲ್ಲವೆಂದು ನೋಡಬೇಕು, ಸಾಕೆಟ್ಟಿನ ಅರ್ಥನ್ನು ಎಲೆಕ್ಟ್ರಿಷಿಯನ್ ಬಂದಾಗಲೆಲ್ಲ ಅಳೆಸಬೇಕು. ಮುಗಿದ ಮೇಲೆ ಮೊದಲು ಪ್ಲಗ್ ತೆಗೆದು, ಆಮೇಲೆ ಹೋಸ್ ಬಿಚ್ಚುವುದು. ಹೋಸಿನಲ್ಲಿ ನೀರು ನಿಂತರೆ ಕ್ಲೋರಿನ್ ಇಳಿದು ಒಳಗೆ ಲೋಳೆ ಕಟ್ಟುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎರಡೂ ತುದಿ ಕೆಳಗೆ ಮಾಡಿ ಗೋಡೆಗೆ ನೇತುಹಾಕಿ, ಪಂಪಿನ ಡ್ರೈನ್ ಪ್ಲಗ್ ತೆಗೆದಿಡುತ್ತೇವೆ. ಮುಂದಿನ ಕೆಲಸ ಕ್ಯಾಮ್‌ಲಾಕ್, ಅಂದರೆ ಹಿಡಿ ಮಡಚಿದರೆ ಬಿಗಿಯುವ ಹೋಸ್ ಜಾಯಿಂಟ್, ಹಾಕುವುದು. ಈಗಿನ ಯೂನಿಯನ್ ಬಿಗಿಯಲು ವಯಸ್ಸಾದ ವಾಚ್‌ಮನ್ ಅಣ್ಣನಿಗೆ ಕೈ ನೋಯುತ್ತದೆ. ಪಾಲಿಪ್ರೊಪಿಲೀನಿನದು ಸಿಕ್ಕಿದರೆ ಅದನ್ನೇ ಹಾಕುತ್ತೇನೆ, ಅಲ್ಯೂಮಿನಿಯಂ ಬೇಡ.